ಊರು ಬೆಳೆದ ಹಾಗೆ ಗಾಳಿ ಕೆಡುತ್ತಿರುವುದು ಯಾವುದರಿಂದ? ನೀವೇ ಪತ್ತೆ ಹಚ್ಚುವುದು ಹೀಗೆ

ಊರು ಬೆಳೆದರೆ ಗಾಳಿ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಿಮ್ಮ ಬೀದಿಯಲ್ಲಿ ಅದನ್ನು ಕೆಡಿಸುತ್ತಿರುವುದು ಯಾವುದು? ವಾಹನದ ಹೊಗೆಯೋ, ಕಟ್ಟಡದ ಧೂಳೋ, ಕಸ ಸುಡುವುದೋ? ಇದು ತಿಳಿಯದಿದ್ದರೆ ಯಾರ ಹತ್ತಿರ ಏನು ಕೇಳಬೇಕು ಅನ್ನುವುದೂ ತಿಳಿಯುವುದಿಲ್ಲ.

ಗಾಳಿ ಎಷ್ಟು ಕೆಟ್ಟಿದೆ ಅಂತ ಒಂದೇ ಅಂಕಿಯಲ್ಲಿ ಹೇಳುವ ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) ಒಂದನ್ನೇ ನೋಡಿ ಸುಮ್ಮನಾಗಬೇಡಿ. ಬಹಳಷ್ಟು ದೇಶಗಳಲ್ಲಿ ಆ ಅಂಕಿ ಬರುವುದು ಅವತ್ತು ಎಲ್ಲಕ್ಕಿಂತ ಕೆಟ್ಟ ಮಟ್ಟದಲ್ಲಿರುವ ಒಂದೇ ಮಾಲಿನ್ಯದಿಂದ. ಹಾಗಾಗಿ ಎರಡು ದಿನ ಒಂದೇ ಎಕ್ಯೂಐ ಇದ್ದರೂ ಕಾರಣ ಬೇರೆ ಬೇರೆ ಇರಬಹುದು. ಹತ್ತಿರದ ಮಾಪನ ಕೇಂದ್ರದ ಪಿಎಂ 10, ಪಿಎಂ 2.5 (ಗಾಳಿಯಲ್ಲಿ ತೇಲುವ ಕಣಗಳ ಅಳತೆಗಳು) ಮತ್ತು ವಾಹನದ ಹೊಗೆಯಲ್ಲಿರುವ ಅನಿಲವಾದ ನೈಟ್ರೋಜನ್ ಡೈಆಕ್ಸೈಡ್‌ನ ಗಂಟೆವಾರು ಅಂಕಿಗಳನ್ನು ತೆಗೆಯಿರಿ.

ಈಗ ಪಿಎಂ 2.5ರ ಅಂಕಿಯನ್ನು ಪಿಎಂ 10ರ ಅಂಕಿಯಿಂದ ಭಾಗಿಸಿ. ಪಿಎಂ 10 ಅಂದರೆ 10 ಮೈಕ್ರಾನ್‌ವರೆಗಿನ ಎಲ್ಲ ಕಣಗಳು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಪಿಎಂ 2.5 ಅನ್ನುವ 2.5 ಮೈಕ್ರಾನ್‌ವರೆಗಿನ ಸಣ್ಣವೂ ಅದರೊಳಗೇ ಸೇರಿವೆ. ಉತ್ತರ 0.3ರ ಆಸುಪಾಸು ಬಂದರೆ ಧೂಳಿನ ಪಾಲು ಜಾಸ್ತಿ: ಅಗೆದ ರಸ್ತೆ, ಕಾಮಗಾರಿ, ಚಕ್ರಗಳು ಮತ್ತೆ ಮತ್ತೆ ಎಬ್ಬಿಸುವ ಮಣ್ಣು. 0.6 ದಾಟಿದರೆ ಹತ್ತಿರದಲ್ಲೇ ಡೀಸೆಲ್ಲೋ ಕಸವೋ ಕಟ್ಟಿಗೆಯೋ ಉರಿಯುತ್ತಿರಬೇಕು, ಇಲ್ಲವೇ ದೂರದ ಹೊಗೆ ತೇಲಿ ಬಂದಿರಬೇಕು. ಇದು ಅಂದಾಜು ಲೆಕ್ಕವೇ, ಆದರೂ ಹುಡುಕಾಟಕ್ಕೆ ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಪಿಎಂ 2.5 ಹೆಚ್ಚಿದ್ದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ, ಆ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದರ ವಾರ್ಷಿಕ ಸರಾಸರಿ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿದೆ.

ಆಮೇಲೆ ಹೊತ್ತು ನೋಡಿ. ಬೆಳಿಗ್ಗೆ, ಸಂಜೆ ಕೆಲಸದ ಹೊತ್ತಿಗೆ ನೈಟ್ರೋಜನ್ ಡೈಆಕ್ಸೈಡ್ ಏರಿ, ರಜೆಯ ದಿನ ಅದೇ ಹೊತ್ತಿಗೆ ಇಳಿದಿದ್ದರೆ ಅದು ವಾಹನಗಳದ್ದೇ. ಇಲ್ಲಿ ಒಂದು ಎಚ್ಚರ ಬೇಕು: ಮಧ್ಯಾಹ್ನ ನೆಲ ಕಾದು ಗಾಳಿ ಮೇಲೇರುವುದರಿಂದ ಹೊಗೆ ಚದುರುತ್ತದೆ, ರಾತ್ರಿ ತಂಪಾದಾಗ ಅಷ್ಟೇ ಹೊಗೆ ನೆಲದ ಹತ್ತಿರವೇ ನಿಲ್ಲುತ್ತದೆ, ಆದ್ದರಿಂದ ರಾತ್ರಿ ಅಂಕಿ ಏರಿದ ಮಾತ್ರಕ್ಕೆ ಯಾರೋ ಹೊಸದಾಗಿ ಹೊಗೆ ಬಿಟ್ಟರು ಅಂತ ಅಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸುವಾಗಲೂ ಒಂದೇ ತಿಂಗಳನ್ನು ಹೋಲಿಸಿ.

ಇನ್ನು ಊರಿನ ಹಳೆಯ ಉಪಗ್ರಹ ಚಿತ್ರಗಳನ್ನು ಈಗಿನವುಗಳ ಪಕ್ಕ ಇಟ್ಟು ನೋಡಿ. ಹೊಸ ಬಡಾವಣೆಗಳು ಎಷ್ಟು ದೂರ ಹೋಗಿವೆ? ಅಲ್ಲಿಗೆ ಬಸ್ಸೋ ರೈಲೋ ಇದೆಯಾ? ಮನೆ, ಕೆಲಸ, ಶಾಲೆ ಒಂದಕ್ಕೊಂದು ದೂರವಾದಷ್ಟೂ ವಾಹನ ಓಡಲೇಬೇಕು ಅಲ್ವಾ? ಒತ್ತಾಗಿ ಬೆಳೆದ ಊರಲ್ಲಿ ಓಡಾಟ ಕಡಿಮೆ, ಆದರೆ ಇಕ್ಕಟ್ಟು ರಸ್ತೆಯ ಎರಡೂ ಕಡೆ ಎತ್ತರದ ಕಟ್ಟಡಗಳಿದ್ದರೆ ಗಾಳಿ ಅಲ್ಲೇ ಸುತ್ತುತ್ತಾ ಹೊಗೆಯನ್ನು ಹಿಡಿದಿಡುತ್ತದೆ. ಅಂಥ ರಸ್ತೆಗಳನ್ನು ಗುರುತು ಮಾಡಿಕೊಳ್ಳಿ. ವಾಹನದಟ್ಟಣೆಯ ಹೆದ್ದಾರಿಯ ಅಂಚಿನಲ್ಲಿರುವ ಶಾಲೆಗಳನ್ನೂ ಗುರುತಿಸಿ, ಕೆಲವು ನೂರು ಮೀಟರ್ ಒಳಗೆ ಸರಿದರೂ ಮಕ್ಕಳು ಉಸಿರಾಡುವ ಹೊಗೆ ಬಹಳ ಕಡಿಮೆಯಾಗುತ್ತದೆ.

ಕಾರಣ ಸಿಕ್ಕಿತು ಅಂದರೆ ಬೇಡಿಕೆಯೂ ಸ್ಪಷ್ಟವಾಗುತ್ತದೆ. ಧೂಳಾದರೆ ಕಾಮಗಾರಿಗೆ ಪರದೆ, ಮಣ್ಣಿಗೆ ನೀರು, ಲಾರಿಗೆ ಟಾರ್ಪಾಲು ಕೇಳಿ. ವಾಹನವಾದರೆ ಬಸ್ಸು ಮತ್ತು ಫುಟ್‌ಪಾತ್ ಕೇಳಿ. ರಸ್ತೆ ಅಗಲ ಮಾಡಿ ಅಂತ ಮಾತ್ರ ಕೇಳಬೇಡಿ, ಅಗಲವಾದ ರಸ್ತೆ ಕೆಲವೇ ವರ್ಷಗಳಲ್ಲಿ ಮತ್ತಷ್ಟು ವಾಹನಗಳಿಂದ ತುಂಬುತ್ತದೆ. ಮನವಿಯ ಜೊತೆ ದಿನಾಂಕ, ಹೊತ್ತು, ಗಂಟೆವಾರು ಅಂಕಿ ಮತ್ತು ಫೋಟೋ ಸೇರಿಸಿ ಕೊಡಿ.