ಪಾಕೆಟ್ ಟೈಟ್ ಮಾಡಿಸುವ ಮೊದಲು ಕುಷನ್ ನೋಡಿ

ಪೂಲ್ ಟೇಬಲ್ ಸರಿಯಿಲ್ಲ ಅನಿಸಿದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ. "ಪಾಕೆಟ್ ದೊಡ್ಡದಾಯ್ತು ಅಣ್ಣ, ಟೈಟ್ ಮಾಡಿಸಿ." ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನಾನು ನಡೆಸುವ ಸಣ್ಣ ಪಾರ್ಲರ್‌ಗೆ ಬರುವವರಲ್ಲಿ ಇಂಜಿನಿಯರಿಂಗ್ ಓದುವ ಹುಡುಗರೇ ಜಾಸ್ತಿ. ಮೊಬೈಲಿನಲ್ಲಿ ದೊಡ್ಡ ಪಂದ್ಯಗಳನ್ನು ನೋಡಿ ಬಂದು 4 ಇಂಚಿನ ಪಾಕೆಟ್ ಬೇಕು ಅಂತಾರೆ. ಆಸೆ ಒಳ್ಳೆಯದೇ. ಆದರೆ ಟೇಬಲ್ ಬಿಚ್ಚಿ, ರಬ್ಬರ್ ಬದಲಿಸಿ, ಮೂಲೆಗಳನ್ನು ಹೊಸದಾಗಿ ಕೊಯ್ದು ಕೂರಿಸಿದ ಮೇಲೆ ನನಗೆ ಖಾತ್ರಿಯಾದದ್ದು ಬೇರೆ. ಮೊದಲು ಕುಷನ್ (ಟೇಬಲ್ ಅಂಚಿನಲ್ಲಿ ಬಾಲ್ ಪುಟಿಸುವ ರಬ್ಬರ್), ಆಮೇಲೆ ಪಾಕೆಟ್ ಬಾಯಿಯ ಕೋನ, ಅಗಲ ಎಲ್ಲಕ್ಕಿಂತ ಕೊನೆಗೆ.

ನನ್ನದು 8 ಅಡಿಯ ಸೆಕೆಂಡ್ ಹ್ಯಾಂಡ್ ಟೇಬಲ್. ಮೂರು ತುಂಡಿನ ಸ್ಲೇಟ್ (ಬಟ್ಟೆಯ ಕೆಳಗಿನ ಕಲ್ಲಿನ ಹಾಸು), ಆಡುವ ಜಾಗ 88ಕ್ಕೆ 44 ಇಂಚು. ಸ್ಲೇಟ್ ಚೆನ್ನಾಗಿತ್ತು. ತೊಂದರೆಯೆಲ್ಲ ರೈಲ್‌ಗಳಲ್ಲಿ, ಅಂದರೆ ಕುಷನ್ ಕೂರುವ ಅಂಚಿನ ಮರಗಳಲ್ಲಿತ್ತು. ಉದ್ದದ ಒಂದು ಬದಿಗೆ ಬಾಲ್ ತಾಗಿದರೆ ಅಲ್ಲೇ ಸತ್ತು ಹೋಗುತ್ತಿತ್ತು. ಅಡ್ಡ ರೈಲ್‌ಗೆ ಜೋರಾಗಿ ಹೊಡೆದರೆ ಪುಟಿದು ಮೇಲೇಳುತ್ತಿತ್ತು. ಮೂಲೆಗಳ ತುದಿ ಸ್ನೂಕರ್ ಟೇಬಲ್ ಥರ ದುಂಡಗಿತ್ತು. ಸ್ನೂಕರ್ ಬಾಲ್ 52.5 ಮಿ.ಮೀ., ಆ ಆಟಕ್ಕೆ ದುಂಡು ತುದಿ ಸರಿ. ಪೂಲ್ ಬಾಲ್ 57.15 ಮಿ.ಮೀ. ಇದಕ್ಕೆ ನೇರವಾಗಿ ಕೊಯ್ದ ತುದಿಯೇ ಬೇಕು.

ರಬ್ಬರಿಗೆ ಕೈ ಹಾಕುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ. ರಸಮಟ್ಟ ಇಟ್ಟು ಸ್ಲೇಟ್ ಮಟ್ಟ ಮಾಡಿ. ಗಾರೆ ಕೆಲಸದವರ ರಸಮಟ್ಟದಲ್ಲಿ ಅಂದಾಜು ಸಿಗುತ್ತದೆ, ಕೊನೆಯ ಹಂತಕ್ಕೆ ಫಿಟ್ಟರ್‌ಗಳು ಬಳಸುವ ಸೂಕ್ಷ್ಮದ್ದು ಬೇಕು. ಆಮೇಲೆ ರೈಲ್ ಬೋಲ್ಟ್ ನೋಡಿ. ಒಂದೊಂದು ರೈಲ್‌ಗೆ ಮೂರರಂತೆ ಆರು ರೈಲ್‌ಗೆ ಒಟ್ಟು 18 ಬೋಲ್ಟ್ ಇರುತ್ತವೆ, ಸ್ಲೇಟ್ ಕೆಳಗಿನಿಂದ ತೂರಿ ರೈಲನ್ನು ಹಿಡಿದಿರುತ್ತವೆ. ರೈಲ್ ಮೇಲೆ ಅಂಗೈ ಇಟ್ಟುಕೊಂಡು ಅದೇ ರೈಲ್‌ಗೆ ಬಾಲ್ ಹೊಡೆಸಿ. ಮರ ಕೈಗೆ ಅದುರಿದ ಹಾಗೆ ಅನಿಸಿ, 'ಡಬ್' ಅಂತ ಮಂಕಾದ ಸದ್ದು ಬಂದರೆ ಆ ಜಾಗದ ಬೋಲ್ಟ್ ಸಡಿಲ. ನಡುವಿನದನ್ನು ಮೊದಲು, ಆಮೇಲೆ ಎರಡೂ ತುದಿಯದನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಬೇಕು. ಒಂದೇ ಕಡೆ ಪೂರ್ತಿ ಬಿಗಿದರೆ ರೈಲ್ ಸೊಟ್ಟಗೆ ಕೂರುತ್ತದೆ. ಎಷ್ಟೋ ಟೇಬಲ್‌ಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ. ಖರ್ಚು ಒಂದು ಪೈಸೆಯೂ ಇಲ್ಲ.

ನನ್ನ ಟೇಬಲ್‌ನಲ್ಲಿ ಅಷ್ಟಕ್ಕೆ ಮುಗಿಯಲಿಲ್ಲ. ಬಟ್ಟೆ ಬಿಚ್ಚಿ ಕುಷನ್ ಮೂಗನ್ನು ಹೆಬ್ಬೆರಳಿನಿಂದ ಒತ್ತಿದೆ. ಮೂಗು ಅಂದರೆ ಬಾಲ್ ತಾಗುವ ಚೂಪು ಅಂಚು. ಜೀವ ಇರುವ ರಬ್ಬರ್ ಒತ್ತಿದರೆ ಒಳಗೆ ಹೋಗಿ ತಕ್ಷಣ ವಾಪಸ್ ಬರುತ್ತದೆ. ನನ್ನದು ಉಗುರು ಊರಿದರೆ ಪುಡಿ ಉದುರಿಸುತ್ತಿತ್ತು. ಶೀಟ್ ಮಾಡಿನ ಕೆಳಗೆ ಇಟ್ಟ ಟೇಬಲ್‌ಗೆ ನಮ್ಮ ಕಡೆಯ ಬೇಸಿಗೆ ಒಳ್ಳೆಯದಲ್ಲ, ರಬ್ಬರ್ ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಆರೂ ರೈಲ್‌ಗೆ ಹೊಸ ರಬ್ಬರ್ ಹಾಕಲೇಬೇಕಾಯಿತು.

ಪೂಲ್ ಟೇಬಲ್‌ಗಳಿಗೆ ಹೆಚ್ಚಾಗಿ ಬರುವುದು ಕೆ-66 ಆಕಾರದ ರಬ್ಬರ್. ಸ್ನೂಕರ್‌ನ ಎಲ್ ಆಕಾರದ ರಬ್ಬರ್ ಇದಕ್ಕೆ ಕೂರುವುದಿಲ್ಲ. ಅಂಗಡಿಯವರು "ಎರಡೂ ಒಂದೇ ಸಾರ್" ಅಂದರೂ ನಂಬಬೇಡಿ, ಹಳೆಯ ತುಂಡೊಂದನ್ನು ಕೊಯ್ದುಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡಿ. ನಾನು ಬೆಂಗಳೂರಿನಿಂದ ತರಿಸಿದೆ. ಸುರುಳಿ ಸುತ್ತಿ ಬಂದಿತ್ತು. ಅದನ್ನು ಬಿಚ್ಚಿ ಒಂದು ರಾತ್ರಿ ನೆಲದ ಮೇಲೆ ನೇರ ಮಾಡಿ ಬಿಟ್ಟೆ. ಬಾಗಿದ ರಬ್ಬರನ್ನು ಹಾಗೇ ಅಂಟಿಸಿದರೆ ಅದು ತನ್ನ ಹಳೇ ಬಾಗಿಗೆ ಎಳೆಯುತ್ತಲೇ ಇರುತ್ತದೆ.

ಇಲ್ಲಿಗೆ ಮರದ ಕೆಲಸ ಶುರು. ನಮ್ಮ ಬೀದಿಯ ಆಚಾರಿಯವರು ಬಾಗಿಲು, ಕಿಟಕಿ, ದೇವರ ಮಂಟಪ ಮಾಡುವವರು. ಪೂಲ್ ಟೇಬಲ್ ಮುಟ್ಟಿದ್ದು ಇದೇ ಮೊದಲು. ರೈಲ್ ಕೈಗೆತ್ತಿಕೊಂಡು ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದರು. "ನಡುವಲ್ಲಿ ಅರ್ಧ ನೂಲು ಹೊಟ್ಟೆ ಬಂದಿದೆ ನೋಡಪ್ಪ" ಅಂದರು. ನನಗೆ ಕಂಡಿರಲಿಲ್ಲ. ದಾರ ಎಳೆದು ಹಿಡಿದಾಗ ಕಂಡಿತು. ರಬ್ಬರ್ ಕೂರುವ ಓರೆ ಮುಖಕ್ಕೆ ಅವರು ಹತ್ತರಿ ಹೊಡೆದು ಆ ಹೊಟ್ಟೆ ತೆಗೆದರು. ಮರ ನೇರ ಇಲ್ಲದಿದ್ದರೆ ಅದರ ಮೇಲೆ ಎಷ್ಟು ದುಬಾರಿ ರಬ್ಬರ್ ಹಾಕಿದರೂ ಬಾಲ್ ಒಂದೊಂದು ಕಡೆ ಒಂದೊಂದು ಥರ ತಿರುಗುತ್ತದೆ. ಇದನ್ನು ಬರೀ ಕಣ್ಣಿನಲ್ಲಿ ಹಿಡಿಯುವವರು ಜೊತೆಗಿದ್ದದ್ದು ನನ್ನ ಪುಣ್ಯ.

ಪಾಕೆಟ್ ಚಿಕ್ಕದು ಮಾಡಬೇಕಾದರೂ ಇದೇ ಹೊತ್ತಿನಲ್ಲಿ, ರಬ್ಬರ್ ಅಂಟಿಸುವ ಮೊದಲೇ ಮಾಡಬೇಕು. ಪಾಕೆಟ್ ಬಾಯಿಯ ಎರಡೂ ಬದಿ ರೈಲ್ ತುದಿಯ ಕೊಯ್ದ ಮುಖವೇ ಮೂತಿ, ಅದಕ್ಕೆ ಅಂಟಿಸುವ ರಬ್ಬರ್ ಪಟ್ಟಿಗೆ ಫೇಸಿಂಗ್ ಅಂತಾರೆ. ಅದನ್ನೇ ಎರಡು ಮೂರು ಪದರ ಅಂಟಿಸಿ ಬಾಯಿ ಕಿರಿದು ಮಾಡುವುದು ಸುಲಭದ ದಾರಿ. ಹಾಗೆ ಮಾಡಿದ ಟೇಬಲ್‌ನಲ್ಲಿ ಆಡಿದ್ದೇನೆ, ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಪದರ ಜಾಸ್ತಿಯಾದಷ್ಟೂ ಮೂತಿ ಮೆತ್ತಗಾಗುತ್ತದೆ. ಬಾಲ್ ಅದಕ್ಕೆ ತಾಗಿ ಆ ಕಡೆ ಈ ಕಡೆ ಬಡಿದಾಡಿ ಹೊರಗೆ ಬರುತ್ತದೆ. ಸರಿಯಾಗಿ ಹೊಡೆದವನಿಗೂ ಅನ್ಯಾಯ. ಮರವನ್ನೇ ಉದ್ದ ಮಾಡಿ ಅದರ ಮೇಲೆ ಒಂದೇ ಪದರ ಫೇಸಿಂಗ್ ಹಾಕುವುದು ಸರಿಯಾದ ಕ್ರಮ.

ಎಷ್ಟು ಉದ್ದ ಮಾಡಬೇಕು? ಮೂಲೆ ಪಾಕೆಟ್‌ನಲ್ಲಿ ಎರಡು ರೈಲ್ ಲಂಬವಾಗಿ ಸೇರುತ್ತವೆ, ಹಾಗಾಗಿ ಎಷ್ಟು ಕಿರಿದು ಮಾಡಬೇಕೋ ಅದನ್ನು 1.414ರಿಂದ ಭಾಗಿಸಿದರೆ ಒಂದೊಂದು ತುದಿಯ ಲೆಕ್ಕ ಸಿಗುತ್ತದೆ. ನನ್ನ ಬಾಯಿ 130 ಮಿ.ಮೀ. ಇತ್ತು, 117ಕ್ಕೆ ತರಬೇಕಿತ್ತು. 13 ಮಿ.ಮೀ. ಕಡಿಮೆ ಮಾಡಲು ಒಂದೊಂದು ತುದಿಗೆ ಸುಮಾರು 9 ಮಿ.ಮೀ. ಅದರಲ್ಲಿ ಫೇಸಿಂಗ್‌ನ ಪಾಲು ಕಳೆಯಬೇಕು. 3 ಮಿ.ಮೀ. ಪಟ್ಟಿ ಓರೆಯಾಗಿ ಕೂರುವುದರಿಂದ ಮೂಗಿನ ಗೆರೆಯಲ್ಲಿ ಹತ್ತಿರ ಹತ್ತಿರ 5 ಮಿ.ಮೀ. ತಿನ್ನುತ್ತದೆ. ಹಳೇ ಟೇಬಲ್‌ಗೆ ಫೇಸಿಂಗ್ ಇರಲೇ ಇಲ್ಲ. ಹಾಗಾಗಿ ಉಳಿದ 4 ಮಿ.ಮೀ. ಮರ ಮತ್ತು ರಬ್ಬರಿನದು. ದುಂಡು ತುದಿಯನ್ನು ಚಪ್ಪಟೆಯಾಗಿ ಕೊಯ್ದು, ಸಾ ಮಿಲ್‌ನಲ್ಲಿ ಸಿಕ್ಕ ಹೊನ್ನೆ ತುಂಡುಗಳನ್ನು ಅಂಟಿಸಿ, ಸ್ಕ್ರೂ ಹಾಕಿ ಗಟ್ಟಿ ಮಾಡಿದೆವು. ಮೆತ್ತನೆ ಮರ ಬೇಡ. ದಿನಾ ಏಟು ತಿನ್ನುವ ಜಾಗ ಅದು.

117 ಯಾಕೆ ಅಂದರೆ, ಪೂಲ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ ಮೂಲೆ ಪಾಕೆಟ್‌ನ ಬಾಯಿ ನಾಲ್ಕೂವರೆಯಿಂದ 4.625 ಇಂಚು, ಅಂದರೆ 114ರಿಂದ 117 ಮಿ.ಮೀ. ನಡುವಿನ ಪಾಕೆಟ್ 5 ಇಂಚಿನಿಂದ 5.125. ಅಳತೆ ಪಟ್ಟಿ ಬೇಡದ ಪರೀಕ್ಷೆಯೂ ಇದೆ. ಎರಡು ಬಾಲ್ ಒಂದರ ಪಕ್ಕ ಒಂದು ಇಟ್ಟರೆ ಸರಿಯಾಗಿ ನಾಲ್ಕೂವರೆ ಇಂಚು. ಬಾಯಿಯ ನಡುವೆ ಎರಡು ಬಾಲ್ ಇಟ್ಟು, ಉಳಿದ ಸಂದಿ ಎಷ್ಟು ಅಂತ ನೋಡಿ. ನನ್ನ ಹಳೇ ಪಾಕೆಟ್‌ನಲ್ಲಿ ಆ ಸಂದಿಗೆ ಬೆರಳೇ ತೂರುತ್ತಿತ್ತು.

ಕೋನದ ವಿಷಯಕ್ಕೆ ಬರುತ್ತೇನೆ, ಪಾಕೆಟ್ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ಮೂಲೆ ಪಾಕೆಟ್‌ನ ಮೂತಿ ಕುಷನ್ ಗೆರೆಗೆ 142 ಡಿಗ್ರಿ ಇರಬೇಕು, ನಡುವಿನದು 104. 135 ಇದ್ದರೆ ಮೂಲೆಯ ಎರಡು ಮೂತಿಗಳು ಒಂದಕ್ಕೊಂದು ಸಮಾನಾಂತರ ಆಗುತ್ತವೆ. 142 ಅಂದರೆ ಒಂದೊಂದು ಬದಿ 7 ಡಿಗ್ರಿ ಹೊರಗೆ ತೆರೆದಿದೆ, ಸಣ್ಣ ಲಾಳಿಕೆಯ ಹಾಗೆ. ಕೋನ ಇನ್ನೂ ಜಾಸ್ತಿಯಾದರೆ ಬಾಯಿ ಅಗಲ, ಗಂಟಲು ಕಿರಿದು. ಬಾಲ್ ಒಳಗೆ ಬರುವ ಹಾಗೆ ಬಂದು ಎರಡೂ ಬದಿಗೆ ಬಡಿದು ವಾಪಸ್. ಕುಷನ್‌ಗೆ ಅಂಟಿಕೊಂಡು ಬರುವ ಬಾಲ್‌ಗಂತೂ ಈ ಕೋನವೇ ಹಣೆಬರಹ. ಅಗಲ 117 ಇದ್ದೂ ಕೋನ ಕೆಟ್ಟಿರುವ ಪಾಕೆಟ್‌ಗಿಂತ, 122 ಇದ್ದು ಕೋನ ಸರಿಯಿರುವ ಪಾಕೆಟ್ ಎಷ್ಟೋ ವಾಸಿ.

ಮೂತಿ ನೆಟ್ಟಗೆ ನಿಲ್ಲಬಾರದು. ಮೇಲಿನ ಅಂಚು ಪಾಕೆಟ್ ಕಡೆಗೆ ಮುಂದೆ ಬಂದು, ಕೆಳಗೆ ಹೋದಂತೆ 12ರಿಂದ 15 ಡಿಗ್ರಿ ಹಿಂದೆ ಸರಿಯಬೇಕು. ಜೋರಾಗಿ ಬಂದ ಬಾಲ್ ಆಗ ಕೆಳಕ್ಕೆ ಅದುಮಿ ಹೋಗುತ್ತದೆ, ಹಾರುವುದಿಲ್ಲ. ಆಚಾರಿಯವರು ಮರದ ದಿಮ್ಮಿಯಲ್ಲಿ ಒಂದು ಅಚ್ಚು ಮಾಡಿದರು. ಗರಗಸ ರೈಲ್‌ಗೆ 38 ಡಿಗ್ರಿಯಲ್ಲಿ (180ರಲ್ಲಿ 142 ಕಳೆದರೆ ಉಳಿಯುವುದು), ಜೊತೆಗೆ 13 ಡಿಗ್ರಿ ವಾಲಿಕೊಂಡು ಹೋಗುವ ಹಾಗೆ. ಎಡ ತುದಿಗೆ ಒಂದು, ಬಲ ತುದಿಗೆ ಅದರ ಕನ್ನಡಿ ರೂಪ ಇನ್ನೊಂದು. ಮೂಲೆಯ ಎಂಟು ತುದಿಗಳೂ ಅದೇ ಅಚ್ಚಿನಲ್ಲಿ ಕೊಯ್ದದ್ದರಿಂದ ನಾಲ್ಕೂ ಮೂಲೆ ಒಂದೇ ಥರ ಬಂದವು.

ರಬ್ಬರ್ ಅಂಟಿಸಲು ಫೆವಿಕಾಲ್ ಎಸ್‌ಆರ್ 998 ಬಳಸಿದೆ. ಹಳೇ ಅಂಟನ್ನು ಉಳಿಯಿಂದ ಪೂರ್ತಿ ಕೆರೆದು, ಮರಕ್ಕೂ ರಬ್ಬರಿಗೂ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂರಿಸಬೇಕು. ಒಮ್ಮೆ ತಾಗಿದರೆ ಮತ್ತೆ ಸರಿಸಲು ಆಗುವುದಿಲ್ಲ. ಎಳೆದು ಮಾತ್ರ ಅಂಟಿಸಬೇಡಿ. ಎಳೆದ ರಬ್ಬರ್ ಮುಂದೆ ಕುಗ್ಗಿ, ತುದಿಗಳಲ್ಲಿ ಬಿಟ್ಟುಕೊಳ್ಳುತ್ತದೆ. ಎರಡೂ ತುದಿಯಲ್ಲಿ ಸ್ವಲ್ಪ ಹೆಚ್ಚಿಗೆ ಬಿಟ್ಟು ಅಂಟಿಸಿ, ಅಂಟು ಗಟ್ಟಿಯಾದ ಮೇಲೆ ಮರದ ಜೊತೆಗೇ ಅಚ್ಚಿನಲ್ಲಿ ಕೊಯ್ದೆವು. ಫೇಸಿಂಗ್‌ಗೆ ಗ್ಯಾಸ್ಕೆಟ್‌ಗೆ ಬಳಸುವ ಗಟ್ಟಿ ನಿಯೋಪ್ರೀನ್ ಶೀಟ್ ತಂದೆ. ಸೈಕಲ್ ಟ್ಯೂಬ್ ಇದಕ್ಕೆ ಆಗುವುದಿಲ್ಲ, ತೀರಾ ಮೆತ್ತಗೆ.

ಇನ್ನು ಮೂಗಿನ ಎತ್ತರ. ಬಾಲ್‌ನ ಎತ್ತರದ ಶೇ. 63.5, ಅಂದರೆ ಸ್ಲೇಟ್ ಮೇಲಿನ ಬಟ್ಟೆಯಿಂದ ಸುಮಾರು 36.3 ಮಿ.ಮೀ. ಅರ್ಧ ಮಿ.ಮೀ. ಹೆಚ್ಚು ಕಡಿಮೆ ನಡೆಯುತ್ತದೆ. ಮೂಗು ಕೆಳಗಿದ್ದರೆ ಬಾಲ್ ಹಾರುತ್ತದೆ. ಮೇಲಿದ್ದರೆ ಬಾಲನ್ನು ಸ್ಲೇಟ್‌ಗೆ ಅದುಮಿ ವೇಗ ಕೊಲ್ಲುತ್ತದೆ. ನನ್ನ ಅಡ್ಡ ರೈಲ್ 35 ಇತ್ತು, ಸತ್ತಿದ್ದ ಉದ್ದ ರೈಲ್ 38. ಎರಡು ಕಾಯಿಲೆಗೂ ಕಾರಣ ಅಲ್ಲೇ ಸಿಕ್ಕಿತು. ಎತ್ತರವಿದ್ದ ರೈಲ್‌ನ ತಳಕ್ಕೆ ಹತ್ತರಿ ಹೊಡೆದೆವು. ತಗ್ಗಿನದಕ್ಕೆ ತಳದಲ್ಲಿ ಸನ್‌ಮೈಕಾ ಪಟ್ಟಿ ಕೊಟ್ಟೆವು. ಪಟ್ಟಿ ರೈಲ್‌ನ ಪೂರ್ತಿ ಉದ್ದಕ್ಕೂ ಇರಬೇಕು. ಬೋಲ್ಟ್ ಹತ್ತಿರ ಮಾತ್ರ ಇಟ್ಟರೆ ಬಿಗಿದಾಗ ರೈಲ್ ಬಾಗುತ್ತದೆ.

ಬಟ್ಟೆ ಕೂರಿಸುವಾಗ ಎಲ್ಲ ರೈಲ್‌ಗೂ ಎಳೆತ ಒಂದೇ ಇರಲಿ, ಮೂತಿಯ ಮೇಲೆ ಮಡಿಕೆ ಬರದಿರಲಿ.

ಕೂರಿಸಿದ ಮೇಲೆ ಪರೀಕ್ಷೆ. ಉದ್ದಕ್ಕೆ ಜೋರಾಗಿ, ನೇರವಾಗಿ ಹೊಡೆದ ಬಾಲ್ ಟೇಬಲ್‌ನ ಉದ್ದವನ್ನು ನಾಲ್ಕರಿಂದ ನಾಲ್ಕೂವರೆ ಸಲ ಓಡಬೇಕು, ಹಾರಬಾರದು. ಮೊದಲು ಮೂರಕ್ಕೇ ನಿಲ್ಲುತ್ತಿದ್ದದ್ದು ಈಗ ನಾಲ್ಕು ದಾಟುತ್ತದೆ. ಆಮೇಲೆ ನಡುವಿನ ಒಂದು ಪಾಕೆಟ್ ಮುಂದೆ ಬಾಲ್ ಇಟ್ಟು, ಸೈಡ್ (ಪಕ್ಕಕ್ಕೆ ಸುತ್ತು) ಕೊಡದೆ, ಮಧ್ಯಮ ವೇಗದಲ್ಲಿ ಅಡ್ಡ ರೈಲ್‌ನ ನಟ್ಟ ನಡುವಿಗೆ ಹೊಡೆಯಿರಿ. ಎದುರಿನ ನಡು ಪಾಕೆಟ್ ಹತ್ತಿರ ಬರಬೇಕು. ಇನ್ನೊಂದು ತುದಿಯ ರೈಲ್‌ಗೂ ಹಾಗೇ ಮಾಡಿ. ಎರಡೂ ಕಡೆ ಒಂದೇ ಜಾಗಕ್ಕೆ ಬಂದರೆ ಟೇಬಲ್ ಹೊಂದಿಕೊಂಡಿದೆ ಅಂತ ಅರ್ಥ. ಆಡುವವನು ಒಂದು ಮೂಲೆಯಲ್ಲಿ ಕಲಿತದ್ದು ಇನ್ನೊಂದು ಮೂಲೆಯಲ್ಲೂ ಕೆಲಸಕ್ಕೆ ಬರಬೇಕು. ಟೇಬಲ್‌ನಿಂದ ನಾನು ಕೇಳುವುದು ಅಷ್ಟೇ.

4 ಇಂಚು ಕೇಳುವ ಹುಡುಗರಿಗೆ ಈಗಲೂ ನಾನು ಒಪ್ಪುವುದಿಲ್ಲ. "ಕುಷನ್ ಪಕ್ಕದ ಬಾಲನ್ನು ಜೋರಾಗಿ ಹೊಡೆದು ಹಾಕಿ ತೋರಿಸು, ಆಮೇಲೆ ಮಾತಾಡೋಣ" ಅಂತೀನಿ. 117ರಲ್ಲೇ ಸಾಕಷ್ಟು ಬಾಲ್ ಹೊರಗೆ ಬರುತ್ತವೆ, ಆದರೆ ಈಗ ಯಾಕೆ ಬಂತು ಅಂತ ಅವರಿಗೇ ಗೊತ್ತಾಗುತ್ತದೆ. ಹೊಸ ಮರ ಕೂತುಕೊಳ್ಳುವ ತನಕ ಬೋಲ್ಟ್‌ಗಳನ್ನು ಆಗಾಗ ಮತ್ತೆ ಬಿಗಿ ಮಾಡುತ್ತಿದ್ದೇನೆ. ಎರಡನೇ ಟೇಬಲ್‌ನ ರೈಲ್‌ಗಳು ಈಗ ಆಚಾರಿಯವರ ಮನೆ ಜಗುಲಿ ಮೇಲಿವೆ. ಅದು ಹೊಸದಾಗಿ ಕಲಿಯುವವರಿಗೆ, ಅದರ ಬಾಯಿ 122 ಇಡಿಸುತ್ತಿದ್ದೇನೆ, ಕೋನ ಮಾತ್ರ ಅದೇ 142.