ಷೆಂಗೆನ್ ವೀಸಾ: ಅರ್ಜಿ ಹಾಕುವ ಮೊದಲು, ಸ್ಟಿಕ್ಕರ್ ಕೈಗೆ ಬಂದ ಮೇಲೆ

ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಕೊಡುವ ಅಧಿಕಾರಿ ಬಹುಪಾಲು ಅರ್ಜಿದಾರರ ಮುಖವನ್ನೇ ನೋಡುವುದಿಲ್ಲ. ಬೆರಳಚ್ಚು, ಕಾಗದಪತ್ರ ತೆಗೆದುಕೊಳ್ಳುವುದು ವಿಎಫ್‌ಎಸ್, ಬಿಎಲ್‌ಎಸ್‌ನಂಥ ಸೇವಾಕೇಂದ್ರಗಳು. ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ದೂತಾವಾಸ. ನಿಮ್ಮ ಪರವಾಗಿ ಅಲ್ಲಿ ಮಾತಾಡುವುದು ಕಾಗದಗಳೇ ಆದ್ದರಿಂದ ಅವೆಲ್ಲ ಒಂದೇ ಮಾತಾಡಬೇಕು. ವಿಮಾನ 5ನೇ ತಾರೀಖಿಗೆ, ಹೋಟೆಲ್ 6ರಿಂದ, ರಜೆ ಮಂಜೂರಾಗಿದ್ದು 7ರಿಂದ ಅಂತಿದ್ದರೆ, ಎಷ್ಟೇ ದಪ್ಪದ ಕಡತ ಕೊಟ್ಟರೂ ಅನುಮಾನ ಬಂದೇ ಬರುತ್ತದೆ.

ಯಾವ ದೇಶಕ್ಕೆ ಅರ್ಜಿ

ಷೆಂಗೆನ್ ವಲಯದಲ್ಲಿ ಈಗ 29 ದೇಶಗಳಿವೆ. ಕ್ರೊಯೇಷಿಯಾ 2023ರಲ್ಲಿ ಸೇರಿತು. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿ 1ರಿಂದ ಪೂರ್ತಿಯಾಗಿ ಸೇರಿದವು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್‌ನಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ.

ಹೆಚ್ಚು ದಿನ ಯಾವ ದೇಶದಲ್ಲಿ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪ್ಯಾರಿಸ್‌ನಲ್ಲಿ 4 ರಾತ್ರಿ, ಸ್ವಿಟ್ಜರ್ಲೆಂಡ್‌ನಲ್ಲಿ 5, ಇಟಲಿಯಲ್ಲಿ 3 ಅಂದರೆ ಸ್ವಿಸ್ ದೂತಾವಾಸ. ಎಲ್ಲ ಕಡೆ ಸಮ ಆದರೆ ಮೊದಲು ಕಾಲಿಡುವ ದೇಶ. ಅರ್ಜಿ ಸಲ್ಲಿಸುವ ದಿನ, ಸಮಯ (ಸ್ಲಾಟ್) ಬೇಗ ಸಿಗುತ್ತದೆಂದು ಬೇರೆ ದೇಶದ ಹೆಸರಲ್ಲಿ ಅರ್ಜಿ ಹಾಕಿ, ವೀಸಾ ಬಂದ ಮೇಲೆ ಹೋಟೆಲುಗಳನ್ನು ರದ್ದು ಮಾಡಿ ತಮಗೆ ಬೇಕಾದ ಕಡೆ ಹೋಗುವ ಉಪಾಯವನ್ನು ಏಜೆಂಟರು ಧಾರಾಳವಾಗಿ ಹೇಳಿಕೊಡುತ್ತಾರೆ. ಗಡಿಯಲ್ಲಿ ಹೋಟೆಲ್ ಬುಕಿಂಗ್ ಕೇಳಿದಾಗ ಉತ್ತರಿಸಬೇಕಾದವರು ಅವರಲ್ಲ, ನೀವು. ಸುಳ್ಳು ಹೇಳಿ ಪಡೆದ ವೀಸಾವನ್ನು ಅಲ್ಲೇ ರದ್ದು ಮಾಡುವ ಅಧಿಕಾರ ಗಡಿ ಸಿಬ್ಬಂದಿಗೆ ಇದೆ.

ಯಾವಾಗ, ಎಷ್ಟು

ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ 15 ದಿನ ಉಳಿದಿರುವವರೆಗೆ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ನಿಯಮದ ಪ್ರಕಾರ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನ. ಸ್ಲಾಟಿಗಾಗಿ ಕಾಯುವುದು ಈ ಲೆಕ್ಕದಲ್ಲಿ ಸೇರಿಲ್ಲ, ಬೇಸಿಗೆ ಪ್ರವಾಸದ ಕಾಲದಲ್ಲಿ ಅದೇ ದೊಡ್ಡ ಕಾಯುವಿಕೆ. ಜೂನ್‌ನಿಂದ ಆಗಸ್ಟ್‌ವರೆಗಿನ ಪ್ರವಾಸವಾದರೆ ಮೂರು ತಿಂಗಳ ಮೊದಲೇ ಅರ್ಜಿ ಒಳಗೆ ಹೋಗಿರಲಿ.

ಶುಲ್ಕ 2024ರ ಜೂನ್‌ನಿಂದ 90 ಯೂರೊ. 6 ವರ್ಷ ತುಂಬಿ 12 ತುಂಬದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಸೇವಾಕೇಂದ್ರದ ದರ ಬೇರೆ. ವೀಸಾ ಸಿಗದಿದ್ದರೆ ಈ ಹಣ ವಾಪಸ್ ಬರುವುದಿಲ್ಲ. ಎಸ್‌ಎಂಎಸ್, ಲೌಂಜ್, ಕೊರಿಯರ್ ಎಂದು ಕೌಂಟರಿನಲ್ಲಿ ಮುಂದಿಡುವ ಹೆಚ್ಚುವರಿ ಸೇವೆಗಳನ್ನು ಬೇಡ ಎನ್ನಬಹುದು; ತೀರ್ಮಾನಕ್ಕೂ ಅವಕ್ಕೂ ಸಂಬಂಧವಿಲ್ಲ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳವರೆಗೆ ನಡೆಯುತ್ತದೆ, 12 ವರ್ಷದೊಳಗಿನವರಿಗೆ ಬೇಕಿಲ್ಲ.

ಕಾಗದಗಳು

ಪಾಸ್‌ಪೋರ್ಟ್‌ಗೆ ಮೂರು ಷರತ್ತು: ಕಳೆದ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಷೆಂಗೆನ್‌ನಿಂದ ಹೊರಡುವ ದಿನದಿಂದ ಮುಂದಕ್ಕೆ ಇನ್ನೂ 3 ತಿಂಗಳಾದರೂ ಅವಧಿ ಇರಬೇಕು, ಕನಿಷ್ಠ 2 ಪುಟ ಖಾಲಿ ಇರಬೇಕು. ಫೋಟೊ 35×45 ಮಿಲಿಮೀಟರ್, 6 ತಿಂಗಳೊಳಗಿನದು. ಹಿಂದಿನ ವೀಸಾದಲ್ಲಿದ್ದ ಫೋಟೊವನ್ನೇ ಮತ್ತೆ ಅಂಟಿಸಿದರೆ ಕೌಂಟರಿನಲ್ಲೇ ಗೊತ್ತಾಗುತ್ತದೆ.

ವಿಮೆಯಲ್ಲಿ ನೋಡಬೇಕಾದ್ದು ಕನಿಷ್ಠ 30,000 ಯೂರೊ ಮೊತ್ತ, ಇಡೀ ಷೆಂಗೆನ್ ವಲಯಕ್ಕೆ ಅನ್ವಯ, ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಜೊತೆಗೆ ರೋಗಿಯನ್ನು ಅಥವಾ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ಸಾಗಿಸುವ ವೆಚ್ಚ. ತಾರೀಖು ತಪ್ಪುವುದು ಕೊನೆಯಲ್ಲಿ: ವಿಮಾನ ಮಧ್ಯರಾತ್ರಿ ದಾಟಿ ಹೊರಡುವುದಿದ್ದರೆ, ಹಿಂದಿನ ದಿನಕ್ಕೇ ಮುಗಿಯುವ ಪಾಲಿಸಿ ಒಂದು ದಿನ ಕಡಿಮೆ ಬಿದ್ದಂತೆ. ಅಷ್ಟಕ್ಕೇ ಕಡತ ಅಪೂರ್ಣ.

ವಿಮಾನಕ್ಕೆ ರಿಸರ್ವೇಷನ್ ಇದ್ದರೆ ಸಾಕು. ಹಣ ವಾಪಸ್ ಬಾರದ ಟಿಕೆಟ್ಟನ್ನು ವೀಸಾಕ್ಕೆ ಮುಂಚೆ ಕೊಳ್ಳಬೇಡಿ. ಹೋಟೆಲನ್ನೂ ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲೇ ಹಿಡಿಯಿರಿ. ಆದರೆ ತೀರ್ಮಾನ ಬರುವ ತನಕ ರದ್ದು ಮಾಡಬೇಡಿ, ದೂತಾವಾಸದವರು ಹೋಟೆಲಿಗೆ ಫೋನ್ ಮಾಡಿ ವಿಚಾರಿಸುವುದುಂಟು. ನೆಂಟರ ಮನೆಯಲ್ಲಿ ಇಳಿಯುವವರಿಗೆ ಬರೀ ಆಹ್ವಾನಪತ್ರ ಎಲ್ಲ ಕಡೆ ಸಾಲದು. ಫ್ರಾನ್ಸ್‌ನಲ್ಲಿ ಆತಿಥೇಯರು ತಮ್ಮೂರಿನ ಪುರಸಭೆಯಿಂದ ಅಧಿಕೃತ ಪತ್ರ ಮಾಡಿಸಿ, ಅದರ ಮೂಲಪ್ರತಿ ಕಳಿಸಬೇಕು. ಆ ಅಂಚೆಗೂ ಸಮಯ ಇಟ್ಟುಕೊಳ್ಳಿ.

ಇನ್ನು ದುಡ್ಡು. ದಿನಕ್ಕೆ ಎಷ್ಟಿರಬೇಕೆಂದು ಒಂದೊಂದು ದೇಶವೂ ತನ್ನ ಲೆಕ್ಕ ಪ್ರಕಟಿಸುತ್ತದೆ. ಫ್ರಾನ್ಸ್ ಹೋಟೆಲ್ ಬುಕಿಂಗ್ ಇದ್ದವರಿಗೆ ದಿನಕ್ಕೆ 65 ಯೂರೊ, ಇಲ್ಲದವರಿಗೆ 120 ಎನ್ನುತ್ತದೆ. ಖಾತೆಯಲ್ಲಿ ಮೊತ್ತ ಇದ್ದರಷ್ಟೇ ಆಯಿತೆಂದು ತಿಳಿಯಬೇಡಿ. ಅದು ಹೇಗೆ ಬಂತು ಎಂಬುದೂ ಸ್ಟೇಟ್‌ಮೆಂಟ್‌ನಲ್ಲಿ ಕಾಣುತ್ತದೆ. ಆರು ತಿಂಗಳಿಂದ ತಿಂಗಳ ಕೊನೆಗೆ ಬರಿದಾಗುತ್ತಿದ್ದ ಖಾತೆಗೆ ಅರ್ಜಿಯ ಹಿಂದಿನ ವಾರ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ, ಅದು ಎರವಲು ಹಣ ಎಂದೇ ಓದುವವರಿಗೆ ತೋರುತ್ತದೆ. ನಿಜಕ್ಕೂ ಠೇವಣಿ ಮುರಿಸಿದ್ದಾದರೆ, ಜಮೀನು ಮಾರಿದ್ದಾದರೆ ಅದರ ರಸೀದಿಯನ್ನು ಸ್ಟೇಟ್‌ಮೆಂಟಿನ ಹಿಂದೆಯೇ ಲಗತ್ತಿಸಿ, ಮನವಿಪತ್ರದಲ್ಲಿ ಒಂದು ಸಾಲು ಬರೆಯಿರಿ.

ಮನವಿಪತ್ರ ಒಂದು ಪುಟ ಮೀರದಿರಲಿ. ಯಾರು, ಎಲ್ಲಿಗೆ, ಯಾವ ದಿನದಿಂದ ಯಾವ ದಿನದವರೆಗೆ, ಖರ್ಚು ಯಾರದು, ವಾಪಸ್ ಬಂದು ಏನು ಮಾಡುತ್ತೀರಿ, ಇಷ್ಟು ಸಾಕು. ಯೂರೋಪಿನ ಸೌಂದರ್ಯದ ವರ್ಣನೆ ಯಾರಿಗೂ ಬೇಕಿಲ್ಲ. ಅಪ್ರಾಪ್ತ ಮಗು ತಂದೆ ಅಥವಾ ತಾಯಿ ಒಬ್ಬರ ಜೊತೆ ಹೊರಟಿದ್ದರೆ ಇನ್ನೊಬ್ಬರ ಸಹಿಯುಳ್ಳ ಒಪ್ಪಿಗೆ ಪತ್ರ ಬೇಕು.

ನಿರಾಕರಣೆ ಬಂದರೆ ಕಾರಣಗಳ ಮುಂದೆ ಗುರುತು ಹಾಕಿದ ಮುದ್ರಿತ ನಮೂನೆ ಕೈಗೆ ಸಿಗುತ್ತದೆ. ಪ್ರವಾಸದ ಉದ್ದೇಶ ನಂಬಲರ್ಹವಾಗಿಲ್ಲ, ಅವಧಿ ಮುಗಿಯುವ ಮೊದಲು ಮರಳುವ ಬಗ್ಗೆ ಸಂದೇಹವಿದೆ ಎಂಬಂಥ ಕಾರಣಗಳು ಅದರಲ್ಲಿರುತ್ತವೆ. ಮೇಲ್ಮನವಿಗೆ ಹಕ್ಕಿದೆ, ವಿಧಾನ, ಗಡುವು ಆಯಾ ದೇಶದ್ದು, ನಮೂನೆಯಲ್ಲೇ ಬರೆದಿರುತ್ತದೆ. ಹೊಸ ಅರ್ಜಿ ಹಾಕಲು ಕಾಯಬೇಕೆಂಬ ನಿಯಮವಿಲ್ಲ, ಆದರೆ ಗುರುತು ಬಿದ್ದ ಕಾರಣಕ್ಕೆ ಹೊಸ ಪುರಾವೆ ಇಲ್ಲದೆ ಅದೇ ಕಡತ ಮತ್ತೆ ಕೊಟ್ಟರೆ ಶುಲ್ಕ ದಂಡ. ಹಳೆಯ ನಿರಾಕರಣೆಯನ್ನು ಮುಚ್ಚಿಡಲು ಹೋಗಬೇಡಿ. ಷೆಂಗೆನ್‌ನ ಎಲ್ಲ ದೂತಾವಾಸಗಳೂ ನೋಡುವುದು ಒಂದೇ ದತ್ತಾಂಶ.

ಸ್ಟಿಕ್ಕರ್ ಓದುವುದು

ವೀಸಾ ಸ್ಟಿಕ್ಕರ್ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ತಾರೀಖು ತಾಳೆ ನೋಡಿ. ತಪ್ಪಿದ್ದರೆ ಹೊರಡುವ ಮೊದಲೇ ತಿದ್ದಿಸಬೇಕು. ಆಮೇಲೆ ಮೂರು ಕಡೆ ಕಣ್ಣಿಡಿ: ಎಂದಿನಿಂದ ಎಂದಿನವರೆಗೆ, ಎಷ್ಟು ಸಲ ಪ್ರವೇಶ, ಎಷ್ಟು ದಿನ ವಾಸ.

ಹೆಚ್ಚು ಜನ ಎಡವುವುದು ಮೊದಲನೆಯದು ಮತ್ತು ಮೂರನೆಯದರ ನಡುವೆ. ಸೆಪ್ಟೆಂಬರ್ 5ರಿಂದ 16ರವರೆಗೆ 12 ದಿನದ ಪ್ರವಾಸಕ್ಕೆ ಕೇಳಿದ್ದೀರಿ ಅನ್ನಿ. ಸ್ಟಿಕ್ಕರ್‌ನಲ್ಲಿ ಅಕ್ಟೋಬರ್ 1ರವರೆಗೆ ಎಂದಿರಬಹುದು, ಏಕೆಂದರೆ ಪ್ರಯಾಣ ಆಚೀಚೆಯಾದರೆ ಇರಲಿ ಎಂದು 15 ದಿನ ಸೇರಿಸಿರುತ್ತಾರೆ. ಹಾಗೆಂದು ಅಷ್ಟು ದಿನ ಇರುವಂತಿಲ್ಲ. ವಾಸ 12 ದಿನ ಎಂದಿದ್ದರೆ 12 ದಿನವೇ. ಬಂದಿಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ.

ಪ್ರವೇಶದ ಜಾಗದಲ್ಲಿ 01 ಇದ್ದರೆ ಒಂದೇ ಸಲ. ಪ್ಯಾರಿಸ್‌ನಿಂದ ರೈಲಿನಲ್ಲಿ ಎರಡು ದಿನ ಲಂಡನ್‌ಗೆ ಹೋಗಿಬಂದೇವು ಎಂದುಕೊಂಡರೆ, ಹೋಗಬಹುದು, ಮರಳಿ ಬರಲಾಗದು.

ಬಹುಪ್ರವೇಶದ ವೀಸಾ ಇದ್ದವರಿಗೆ 180 ದಿನಗಳಲ್ಲಿ 90 ದಿನ ಎಂಬ ಮಿತಿ. ಈ 180 ದಿನ ಜನವರಿ, ಜುಲೈ ಎಂದು ಹೊಸದಾಗಿ ಶುರುವಾಗುವ ಅರ್ಧವರ್ಷವಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ಆ ದಿನವನ್ನೂ ಸೇರಿಸಿ ಹಿಂದಕ್ಕೆ 180 ದಿನ ಎಣಿಸಬೇಕು. ಜನವರಿ 10ರಿಂದ ಫೆಬ್ರವರಿ 8ರವರೆಗೆ 30 ದಿನ, ಏಪ್ರಿಲ್ 1ರಿಂದ ಮೇ 30ರವರೆಗೆ 60 ದಿನ ಇದ್ದರೆ 90 ಮುಗಿಯಿತು. ಮತ್ತೆ ಒಳಗೆ ಬರಲು ಜುಲೈ 9ರವರೆಗೆ ಕಾಯಬೇಕು; ಆ ದಿನ ಜನವರಿ 10 ಲೆಕ್ಕದಿಂದ ಕಳಚಿಕೊಳ್ಳುತ್ತದೆ, ಅಲ್ಲಿಂದ ಆಗಸ್ಟ್ 7ರವರೆಗೆ 30 ದಿನ ಇರಬಹುದು. ಐರೋಪ್ಯ ಆಯೋಗದ ಜಾಲತಾಣದಲ್ಲಿ ಇದಕ್ಕೊಂದು ಕ್ಯಾಲ್ಕುಲೇಟರ್ ಇದೆ, ಬಳಸಿ.

ಗಡಿಯಲ್ಲಿ

2025ರ ಅಕ್ಟೋಬರ್ 12ರಿಂದ ಇಇಎಸ್ ಎಂಬ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಪಾಸ್‌ಪೋರ್ಟಿನ ಮೊಹರಿನ ಜಾಗದಲ್ಲಿ ಮುಖದ ಚಿತ್ರದ ಜೊತೆ ಒಳಬಂದ, ಹೊರಹೋದ ದಿನ ಕಂಪ್ಯೂಟರಿಗೆ ಸೇರುತ್ತವೆ. ಒಂದು ದಿನ ಹೆಚ್ಚು ಉಳಿದರೂ ಅದೇ ತೋರಿಸುತ್ತದೆ. ಇದಕ್ಕೆ ಶುಲ್ಕವೂ ಇಲ್ಲ, ಮುಂಚಿತ ನೋಂದಣಿಯೂ ಬೇಕಿಲ್ಲ. ಇಟಿಯಾಸ್ ಎಂಬ ಇನ್ನೊಂದು ಅನುಮತಿ ವೀಸಾ ಬೇಡದ ದೇಶಗಳವರಿಗೆ ಮಾತ್ರ, ವೀಸಾ ಇದ್ದವರಿಂದ ಅದಕ್ಕಾಗಿ ಹಣ ಕೇಳುವ ಜಾಲತಾಣ ಮೋಸದ್ದು.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ರೋಮ್‌ಗೆ ವಿಮಾನ ಬದಲಿಸುವುದಿದ್ದರೆ ವಲಸೆ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲೇ ಆಗುತ್ತದೆ. ಎರಡು ವಿಮಾನಗಳ ನಡುವೆ ಒಂದೂಕಾಲು ಗಂಟೆಯ ಟಿಕೆಟ್ ಅಗ್ಗವಾಗಿ ಕಂಡರೂ ಬೇಡ, ಎರಡೂವರೆ ಗಂಟೆಯಾದರೂ ಇರಲಿ. ಹೋಟೆಲ್, ವಿಮೆ, ಮರಳುವ ಟಿಕೆಟ್ ಇವುಗಳ ಮುದ್ರಿತ ಪ್ರತಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ವೀಸಾ ಇದ್ದರೂ ಒಳಗೆ ಬಿಡುವುದು ಗಡಿ ಅಧಿಕಾರಿಯ ತೀರ್ಮಾನ. ಮಾಂಸ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಒಯ್ಯುವಂತಿಲ್ಲ, ತುಪ್ಪವೂ ಇದರಲ್ಲಿ ಸೇರಿತು. 10,000 ಯೂರೊ ಅಥವಾ ಹೆಚ್ಚು ನಗದು ಇದ್ದರೆ ಘೋಷಿಸಬೇಕು.

ಭಾರತದಲ್ಲಿ ವಾಸವಿರುವ ಭಾರತೀಯರಿಗೆ 2024ರ ಏಪ್ರಿಲ್‌ನಿಂದ ಒಂದು ಅನುಕೂಲವಿದೆ. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ನಿಯಮ ಮೀರದೆ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶದ ವೀಸಾ, ಅದನ್ನೂ ಸರಿಯಾಗಿ ಬಳಸಿದ ಮೇಲೆ ಸಾಮಾನ್ಯವಾಗಿ ಐದು ವರ್ಷದ್ದು ಸಿಗಬಹುದು. ಪಾಸ್‌ಪೋರ್ಟಿನಲ್ಲಿ ಅಷ್ಟು ಅವಧಿ ಉಳಿದಿರಬೇಕು ಅಷ್ಟೆ. ಒಂದೂವರೆ ವರ್ಷ ಮಾತ್ರ ಉಳಿದಿದ್ದರೆ ವೀಸಾವೂ ಅದರೊಳಗೇ ಮುಗಿಯುತ್ತದೆ. ಮೂರನೇ ಅರ್ಜಿಗೆ ಮುಂಚೆ ಪಾಸ್‌ಪೋರ್ಟ್ ನವೀಕರಿಸಿ, ಹಳೆಯ ವೀಸಾಗಳಿರುವ ಪಾಸ್‌ಪೋರ್ಟನ್ನೂ ಜೊತೆಗಿಟ್ಟು ಸಲ್ಲಿಸಿ.