ಉರಿ ಹಳದಿಯಾಯಿತೇ? ಬರ್ನರ್ ತೂತು ಮಾತ್ರ ಅಲ್ಲ, ಕೊಳವೆಯನ್ನೂ ನೋಡಿ

ದಿನಾ ಕುಚ್ಚಲಕ್ಕಿ ಬೇಯುವ ಮನೆಯಲ್ಲಿ ಗ್ಯಾಸ್ ಒಲೆಯ ಬರ್ನರ್ ಕಟ್ಟದೆ ಇರುವುದು ಕಷ್ಟ. ಬೆಳ್ತಿಗೆ ಅಕ್ಕಿಯ ಹಾಗೆ ಬೇಗ ಮುಗಿಯುವ ಕೆಲಸ ಅಲ್ಲ ಇದು. ಹೊತ್ತು ಕುದಿಯಬೇಕು, ನಾವು ಆಚೆ ಈಚೆ ಹೋಗಿ ಬರುವಷ್ಟರಲ್ಲಿ ತೆಳಿ ಉಕ್ಕಿ ಒಲೆ ಮೇಲೆ ಇಳಿದಿರುತ್ತದೆ. ನೀರು ಆರುತ್ತದೆ, ಗಂಜಿಯ ಅಂಟು ಅಲ್ಲೇ ಸುಟ್ಟು ಗಟ್ಟಿಯಾಗುತ್ತದೆ. ಅದರ ಮೇಲೆ ಬಂಗುಡೆ ಕಾಯಿಸಿದ ಎಣ್ಣೆ ಬೇರೆ ಹಾರಿ ಕೂತರೆ ಕೇಳುವುದೇ ಬೇಡ.

ಆಗ ನಾವೆಲ್ಲ ಮಾಡುವುದು ಒಂದೇ, ಪಿನ್ನು ತಗೊಂಡು ಬರ್ನರಿನ ತೂತು ಚುಚ್ಚುವುದು. ಎರಡು ದಿನ ಉರಿ ಸರಿಯಾಗುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಕಸ ಇರುವುದು ಮೇಲೆ ಮಾತ್ರ ಅಲ್ಲ, ಕೆಳಗಿನ ಕೊಳವೆಯಲ್ಲೂ ಇದೆ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ.

ಒಲೆ ಉರಿಯುವ ರೀತಿ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ನಾಬ್ ತಿರುಗಿಸಿದಾಗ ಗ್ಯಾಸ್ ಜೆಟ್ ಎಂಬ ಹಿತ್ತಾಳೆಯ ಪುಟ್ಟ ಮೂತಿಯಿಂದ ರಭಸವಾಗಿ ಚಿಮ್ಮುತ್ತದೆ, ಆ ರಭಸಕ್ಕೆ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಕೊಳವೆಯೊಳಗೆ ನುಗ್ಗುತ್ತದೆ. ಮೆಕ್ಯಾನಿಕ್‌ಗಳು ಮಿಕ್ಸಿಂಗ್ ಟ್ಯೂಬ್ ಅನ್ನುವುದು ಇದಕ್ಕೇ. ಗಾಳಿ ಸಾಕಷ್ಟು ಸೇರಿದರೆ ಉರಿ ನೀಲಿ. ಕೊಳವೆಯಲ್ಲಿ ಅಡ್ಡ ಏನಾದರೂ ಇದ್ದರೆ ಗಾಳಿ ಕಡಿಮೆಯಾಗಿ ಉರಿ ಹಳದಿಯಾಗುತ್ತದೆ, ಉದ್ದವಾಗಿ ತೂಗಾಡುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಗ್ಯಾಸ್ ದಂಡ ಆಗುವುದು ಒಂದು ಕಡೆ. ಅರ್ಧಂಬರ್ಧ ಉರಿದ ಗ್ಯಾಸಿನಿಂದ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದು ವಿಷ. ಮಳೆಗಾಲದಲ್ಲಿ ಕಿಟಕಿ ಹಾಕಿಕೊಂಡು ಅಡುಗೆ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಒಂದು ಮಾತು. ಉಳ್ಳಾಲ, ಸುರತ್ಕಲ್, ಮಲ್ಪೆ, ಕಾಪು ಬದಿಯವರು ಉರಿಯಲ್ಲಿ ಆಗಾಗ ಕಿತ್ತಳೆ ಬಣ್ಣದ ಕಿಡಿ ಕಂಡು ಹೆದರುವುದುಂಟು. ಉಪ್ಪಿನಲ್ಲಿರುವ ಸೋಡಿಯಂ ಬೆಂಕಿಗೆ ಬಿದ್ದರೆ ಹಳದಿ-ಕಿತ್ತಳೆ ಬಣ್ಣ ಬರುತ್ತದೆ. ಕಡಲ ಗಾಳಿಯ ಉಪ್ಪಿಗೂ ಹಾಗೆಯೇ, ಉಕ್ಕಿದ ಸಾರಿನ ಉಪ್ಪಿಗೂ ಹಾಗೆಯೇ. ಪಾತ್ರೆಗೆ ಮಸಿ ಹಿಡಿಯದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಕೆಲಸ. ಮೊದಲು ರೆಗ್ಯುಲೇಟರ್ ಆಫ್ ಮಾಡಿ. ನಾಬ್ ಮಾತ್ರ ತಿರುಗಿಸಿದರೆ ಸಾಲದು. ಒಲೆ ಪೂರ್ತಿ ತಣಿಯಲಿ. ಗಾಜಿನ ಒಲೆಯಾದರೆ ಬಿಸಿ ಇರುವಾಗ ತಣ್ಣೀರಿನ ಬಟ್ಟೆ ಇಟ್ಟೀರಿ ಜೋಕೆ, ಗಾಜು ಒಡೆಯಬಹುದು.

ಪಾತ್ರೆ ಇಡುವ ಸ್ಟ್ಯಾಂಡು, ಕೆಳಗಿನ ಸ್ಟೀಲ್ ತಟ್ಟೆ, ಬರ್ನರ್ ತೆಗೆದು ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಡಿ. ಸುಟ್ಟ ಗಂಜಿ ನೆನೆದರೆ ಸುಲಭದಲ್ಲಿ ಏಳುತ್ತದೆ, ಒಣಗಿದ್ದಾಗ ಕೆರೆದರೆ ಕೈ ನೋವು ಅಷ್ಟೇ. ಆಮೇಲೆ ತೆಂಗಿನ ಕತ್ತದಿಂದ ತಿಕ್ಕಿ. ತೂತುಗಳಿಗೆ ಹಿಡಿಸೂಡಿಯ ಕಡ್ಡಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಸಾಮಾನು ಅಂಗಡಿಯಲ್ಲೂ ಸಿಗಲಿಕ್ಕಿಲ್ಲ. ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕಿನ ಪಿನ್ನಿನಲ್ಲಿ ಚುಚ್ಚಿ ಚುಚ್ಚಿ ತೂತು ದೊಡ್ಡದಾಗುತ್ತದೆ. ಕಡ್ಡಿಯಿಂದ ಆ ಭಯ ಇಲ್ಲ. ಚೆನ್ನಾಗಿ ಒಣಗಿದ ಗಟ್ಟಿ ಕಡ್ಡಿ ಆರಿಸಿಕೊಳ್ಳಿ, ಒಳಗಿನಿಂದ ಹೊರಕ್ಕೆ ತಳ್ಳಿ, ಕಸ ಮತ್ತೆ ಒಳಗೆ ಬೀಳುವುದಿಲ್ಲ.

ಹಿತ್ತಾಳೆ ಕಪ್ಪಾಗಿದ್ದರೆ ಹಿತ್ತಲಿನ ಬಿಂಬುಳಿ ಸಾಕು. ನಾಲ್ಕೈದು ಜಜ್ಜಿ ಉಜ್ಜಿ, ಅದರ ಹುಳಿಗೆ ಕಿಲುಬು ಬಿಟ್ಟುಕೊಂಡು ಹಳದಿ ಬಣ್ಣ ಎದ್ದು ಬರುತ್ತದೆ. ಬಿಂಬುಳಿ ಸಿಗದ ಕಾಲದಲ್ಲಿ ಹುಣಸೆಹುಳಿ, ಕಲ್ಲುಪ್ಪು. ಹತ್ತು ನಿಮಿಷದಲ್ಲಿ ತೊಳೆದುಬಿಡಿ. ರಾತ್ರಿಯಿಡೀ ಹುಳಿಯಲ್ಲಿ ಬಿಟ್ಟರೆ ಹಿತ್ತಾಳೆಯ ಸತು ಕರಗಿ ಅಲ್ಲಲ್ಲಿ ತಾಮ್ರದ ಕೆಂಪು ಕಾಣತೊಡಗುತ್ತದೆ. ನಿಮ್ಮದು ಅಲ್ಯೂಮಿನಿಯಂ ಬರ್ನರ್ ಆದರೆ ಹುಳಿಯೂ ಬೇಡ, ಸೋಡಾವೂ ಬೇಡ, ಸೋಪಿನ ನೀರು ಮಾತ್ರ. ಕಾಸ್ಟಿಕ್ ಸೋಡಾ ಅಂತೂ ಅಲ್ಯೂಮಿನಿಯಂ ಅನ್ನು ತಿಂದೇ ಹಾಕುತ್ತದೆ. ಕಕ್ಕಸು ತೊಳೆಯುವ ಆ್ಯಸಿಡ್ ಹಾಕುವವರೂ ಇದ್ದಾರೆ, ದಯವಿಟ್ಟು ಬೇಡ.

ಇನ್ನು ಕೊಳವೆ. ಸುಮಾರು ಒಲೆಗಳಲ್ಲಿ ಒಂದು ಸ್ಕ್ರೂ ಬಿಚ್ಚಿದರೆ ಇದು ಕೈಗೆ ಬರುತ್ತದೆ. ಬರದಿದ್ದರೆ ಎಳೆದಾಡಬೇಡಿ. ಕೈಗೆ ಬಂದ ಕೊಳವೆಯನ್ನು ಕಾಗದದ ಮೇಲೆ ಮೆಲ್ಲ ಬಡಿದು ನೋಡಿ. ಕರಿ ಪುಡಿ, ಅಕ್ಕಿ ಕಾಳು, ಸಾಸಿವೆ, ಒಮ್ಮೊಮ್ಮೆ ಸತ್ತ ಜಿರಳೆ! ತಂತಿಗೆ ಹಳೆ ಬಟ್ಟೆಯ ಚೂರು ಬಿಗಿಯಾಗಿ ಕಟ್ಟಿ ಒಳಗೆ ಹಾಯಿಸಿ, ಆಮೇಲೆ ಒಂದು ತುದಿಯಿಂದ ನೀರು ಬಿಡಿ. ಮತ್ತೊಂದು ತುದಿಯಿಂದ ಧಾರೆ ಸಲೀಸಾಗಿ ಬಂದರೆ ದಾರಿ ತೆರೆದಿದೆ ಅಂತ ಲೆಕ್ಕ.

ಮುಂಬೈಯಲ್ಲೋ ಗಲ್ಫಿನಲ್ಲೋ ಇದ್ದು, ಊರ ಮನೆಯ ಬಾಗಿಲು ಕೋಲಕ್ಕೋ ಅಷ್ಟಮಿಗೋ ತೆರೆಯುವವರು ಈ ಕೊಳವೆ ನೋಡದೆ ಒಲೆ ಹಚ್ಚಲೇಬಾರದು. ಮುಚ್ಚಿದ ಮನೆಯಲ್ಲಿ ಕುಂಬಾರ ಹುಳಕ್ಕೆ ಇಂಥ ಸಣ್ಣ ತೂತು ಸಿಕ್ಕಿದರೆ ಹಬ್ಬ, ಮಣ್ಣು ತಂದು ಗೂಡು ಕಟ್ಟಿಬಿಡುತ್ತದೆ. ಜೇಡವೂ ಬಲೆ ನೇಯುತ್ತದೆ. ಆಗ ಗ್ಯಾಸ್ ಮುಂದಕ್ಕೆ ಹೋಗದೆ ಹಿಂದಕ್ಕೆ ಸೋರಿ ಉರಿ ನಾಬಿನ ಬಳಿ, ಒಲೆಯ ಅಡಿಯಲ್ಲಿ ಕಾಣಿಸಿಕೊಳ್ಳಬಹುದು. ತಾರಸಿ ಮೇಲೆ ಗ್ಯಾಸ್ ಗ್ರಿಲ್ ಇಟ್ಟುಕೊಂಡವರಿಗೂ ಇದೇ ಮಾತು. ಅದರ ಬರ್ನರ್ ಎಂದರೆ ಉದ್ದಕ್ಕೂ ತೂತು ಇರುವ ಪೈಪು, ಅದರ ಗಾಳಿ ಬಾಯಲ್ಲಿ ಜೇಡ ಕಟ್ಟುವುದು ಎಲ್ಲ ದೇಶದಲ್ಲೂ ಹಳೆಯ ತಾಪತ್ರಯ. ಮಳೆಗಾಲ ಮುಗಿದು ಮೊದಲ ಸಲ ಮೀನು ಸುಡುವ ಮುಂಚೆ ಪೈಪು ತೆಗೆದು ನೋಡಿ.

ಜೆಟ್‌ಗೆ ಮಾತ್ರ ಸೂಜಿ ಹಾಕಬೇಡಿ. ಆ ತೂತು ಚೂರು ದೊಡ್ಡದಾದರೂ ಗ್ಯಾಸಿನ ಲೆಕ್ಕ ತಪ್ಪುತ್ತದೆ. ಅದು ಮೆಕ್ಯಾನಿಕ್ ಕೆಲಸ. ಮಂಗಳೂರಿನಲ್ಲಿ ಪೈಪ್ ಗ್ಯಾಸ್ ಹಾಕಿಸಿಕೊಳ್ಳುವವರಿಗೆ ಜೆಟ್ಟೇ ಬದಲಾಗಬೇಕು, ಪೈಪಿನ ಗ್ಯಾಸಿಗೆ ಸಿಲಿಂಡರ್ ಗ್ಯಾಸಿಗಿಂತ ದೊಡ್ಡ ತೂತು ಬೇಕಾಗುತ್ತದೆ.

ತೊಳೆದದ್ದೆಲ್ಲ ಒಣಗಬೇಕು. ಬೇಸಿಗೆಯಲ್ಲಿ ಅಂಗಳದ ಬಿಸಿಲು ಸಾಕು. ಆಟಿಯ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕೊಳವೆ ಒಣಗುತ್ತದಾ? ಒರೆಸಿ, ಬಾಯಿ ಕೆಳಗೆ ಮಾಡಿ ಫ್ಯಾನಿನಡಿ ರಾತ್ರಿ ಬಿಡಿ. ಒಳಗೆ ನೀರು ಉಳಿದರೆ ಉರಿ ಚಟಪಟ ಅಂದು ಆರಿಹೋಗುತ್ತದೆ, ಬೀಡು ಕಬ್ಬಿಣದ ಕೊಳವೆಯಾದರೆ ತುಕ್ಕು ಬೇರೆ.

ವಾಪಸ್ ಜೋಡಿಸುವಾಗ ಜೆಟ್ಟಿನ ಮೂತಿ ಕೊಳವೆಯ ಬಾಯಿಗೆ ನೇರವಾಗಿ, ಮಧ್ಯಕ್ಕೆ ಕೂತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಓರೆಯಾದರೆ ಗ್ಯಾಸ್ ಹೊರಗೆ ಚೆಲ್ಲುತ್ತದೆ. ಬರ್ನರ್ ಅಲುಗಾಡದೆ ಕೂರಬೇಕು. ಆಮೇಲೆ ಕಿಟಕಿ ತೆರೆದು, ರೆಗ್ಯುಲೇಟರ್ ಆನ್ ಮಾಡಿ, ನಾಬ್ ಆಫ್ ಇರುವಾಗಲೇ ಸಿಲಿಂಡರಿನಿಂದ ಒಲೆಗೆ ಬರುವ ರಬ್ಬರ್ ಟ್ಯೂಬಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ನೋಡುವ ಧೈರ್ಯ ಯಾರೂ ಮಾಡಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಕೂರುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಟ್ಯೂಬನ್ನು ಇಲಿ ಕಡಿದಿದೆಯಾ ಅಂತಲೂ ನೋಡಿ, ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಆದರೂ 5 ವರ್ಷಕ್ಕೆ ಬದಲಿಸಬೇಕು.

ಇಷ್ಟಾದ ಮೇಲೂ ಹಚ್ಚಿದ ಕೂಡಲೇ ಉರಿ ಭುಸ್ ಅಂತ ಒಳಗಿಳಿದು ಕೊಳವೆಯಲ್ಲೇ ಉರಿಯುತ್ತಿದ್ದರೆ ತಕ್ಷಣ ಆಫ್ ಮಾಡಿ. ಬರ್ನರಿನ ತೂತು ಸವೆದಿರಬಹುದು, ಇಲ್ಲವೇ ಅದು ಸೊಟ್ಟಗಾಗಿ ಸರಿಯಾಗಿ ಕೂರುತ್ತಿರಲಿಕ್ಕಿಲ್ಲ. ಹೊಸದು ಹಾಕುವುದೇ ಸರಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಒಂದೊಂದು ಒಲೆಗೆ ಒಂದೊಂದು ಅಳತೆ ಇರುತ್ತದೆ.